ಬ್ಲೇಜರ್ ಮೇಲಿನ ಗೂಬೆ

ಓದುಗರ ಪತ್ರ: ಮಗಳು, ಅಳಿಯ ಮ್ಯಾಂಚೆಸ್ಟರ್‌ನಲ್ಲಿದ್ದಾರೆ. ಹನ್ನೊಂದು ವರ್ಷದ ಮೊಮ್ಮಗನಿಗೆ ಅಲ್ಲಿನ ಮ್ಯಾಂಚೆಸ್ಟರ್ ಗ್ರಾಮರ್ ಸ್ಕೂಲಿನಲ್ಲಿ ಸೀಟು ಸಿಕ್ಕಿದೆ. ಐನೂರು ವರ್ಷ ಹಳೇ ಶಾಲೆಯಂತೆ. ಹಾಸ್ಟೆಲ್ ಇಲ್ಲ. ಆದರೂ ಫೀಸು ಕೇಳಿ ತಲೆ ತಿರುಗಿತು. ಅಲ್ಲಿ ಸರಕಾರಿ ಶಾಲೆ ಪುಕ್ಕಟೆ ಇರುವಾಗ ಇದೇಕೆ? ಗ್ರಾಮರ್ ಅಂದರೆ ಬರೀ ವ್ಯಾಕರಣ ಕಲಿಸುತ್ತಾರಾ? ಯೂನಿಫಾರ್ಮಿನ ಫೋಟೊ ಕಳಿಸಿದ್ದರು, ಕೋಟಿನ ಮೇಲೆ ಗೂಬೆಯ ಚಿತ್ರ! ನಮ್ಮ ಮನೆಯಾಕೆ ಅವತ್ತಿನಿಂದ ಸರಿಯಾಗಿ ಊಟ ಮಾಡಿಲ್ಲ. ಏಪ್ರಿಲ್, ಮೇನಲ್ಲಿ ಅವನನ್ನು ಊರಿಗೆ ಕರೆಸಿಕೊಳ್ಳಬಹುದಾ?
— ಒಬ್ಬ ಅಜ್ಜ, ಅರಸೀಕೆರೆ

ಸಂಪಾದಕರ ಉತ್ತರ:

ಮೊದಲು ಅಜ್ಜಿಗೆ ಊಟ ಮಾಡಲು ಹೇಳಿ. ಆ ಗೂಬೆ ನಿಮ್ಮ ಮೊಮ್ಮಗನ ಮೇಲೆ ಯಾರೂ ಕೂರಿಸಿದ್ದಲ್ಲ. ಅದು ಒಬ್ಬ ಬಿಷಪ್ಪರ ಹೆಸರಿನ ಮೇಲಾಡಿದ ತಮಾಷೆ. ಶಾಲೆ ಕಟ್ಟಿಸಿದವರು ಹ್ಯೂ ಓಲ್ಡಮ್. ಲ್ಯಾಂಕಾಷೈರ್ ಕಡೆಯವರು, ಎಕ್ಸೆಟರ್‌ನಲ್ಲಿ ಬಿಷಪ್ ಆಗಿದ್ದರು. ಅವರ ಹೆಸರನ್ನು ಆ ಸೀಮೆಯವರು ‘ಔಲ್‌ಡಮ್’ ಅಂದಂತೆ ಅನ್ನುತ್ತಿದ್ದರು. ಔಲ್ ಅಂದರೆ ಗೂಬೆ. ಸರಿ, ಬಿಷಪ್ಪರು ಗೂಬೆಯನ್ನೇ ಗುರುತು ಮಾಡಿಕೊಂಡರು. ಎಕ್ಸೆಟರ್ ಕೆಥೀಡ್ರಲ್‌ನಲ್ಲಿ ಅವರ ಸಮಾಧಿ ಇರುವ ಪುಟ್ಟ ಗುಡಿಯಲ್ಲಿ ಗೂಬೆಗಳ ಕೆತ್ತನೆ ಇದೆ. ಅದರ ಕೊಕ್ಕಿನಲ್ಲಿ ಒಂದು ಪಟ್ಟಿ, ಪಟ್ಟಿಯ ಮೇಲೆ ‘ಡಮ್’ ಎಂಬ ಅಕ್ಷರ. ಗೂಬೆಯನ್ನೂ ಪಟ್ಟಿಯನ್ನೂ ಸೇರಿಸಿ ಓದಿದರೆ ಯಜಮಾನರ ಹೆಸರು ಬಂತು. ಅವರಲ್ಲಿ ಗೂಬೆ ಬುದ್ಧಿವಂತ ಹಕ್ಕಿ. ನಮ್ಮಲ್ಲೂ ಅದು ಲಕ್ಷ್ಮಿಯ ವಾಹನ ಅನ್ನುವವರಿದ್ದಾರೆ. ಅಜ್ಜಿಗೆ ಇದನ್ನೇ ಹೇಳಿ, ಬೇಗ ಒಪ್ಪಬಹುದು.

ಗ್ರಾಮರ್ ವಿಷಯ. ಶಾಲೆ ಶುರುವಾದದ್ದು 1515ರಲ್ಲಿ. ನಮ್ಮ ಕಡೆ ಕೃಷ್ಣದೇವರಾಯನ ಕಾಲ. ಆಗ ಇಂಗ್ಲೆಂಡಿನಲ್ಲಿ ಕಲಿಯುವುದು ಅಂದರೆ ಲ್ಯಾಟಿನ್ ಕಲಿಯುವುದು. ಲ್ಯಾಟಿನ್ ವ್ಯಾಕರಣ ಬಂದರೆ ಚರ್ಚು, ಕೋರ್ಟು, ವಿಶ್ವವಿದ್ಯಾಲಯ ಎಲ್ಲದರ ಬಾಗಿಲೂ ತೆರೆಯುತ್ತಿತ್ತು. ಅದಕ್ಕೇ ಆ ಹೆಸರು. ಈ ಸೀಮೆಯ ಮಕ್ಕಳು ಚುರುಕಾಗಿದ್ದಾರೆ, ಆದರೆ ಕಲಿಸುವವರಿಲ್ಲದೆ ಸುಮ್ನೆ ಬೆಳೆಯುತ್ತಿದ್ದಾರೆ ಎಂಬುದು ಓಲ್ಡಮ್ಮರ ಕೊರಗಾಗಿತ್ತು. ಆರಂಭದ ನಿಯಮಗಳಲ್ಲಿ ನನಗೆ ಇಷ್ಟವಾದದ್ದು ಒಂದಿದೆ: ಹುಡುಗರು ಕೋಳಿ ಅಂಕ ಆಡಿಸಬಾರದು! ಮಂಗಳೂರು ಕಡೆಯ ಮೇಷ್ಟ್ರುಗಳಿಗೆ ಈ ನಿಯಮದ ಕಷ್ಟ ಅರ್ಥವಾದೀತು.

ಈಗ ಅಲ್ಲಿ ಗಣಿತ, ವಿಜ್ಞಾನ, ಸಂಗೀತ, ನಾಟಕ ಎಲ್ಲ ಇದೆ. ಲ್ಯಾಟಿನ್ ಕೂಡ ಉಳಿದಿದೆ. ಹೆಡ್‌ಮಾಸ್ಟರನ್ನು ಮಾತ್ರ ಇವತ್ತಿಗೂ ‘ಹೈ ಮಾಸ್ಟರ್’ ಅಂತಲೇ ಕರೆಯುತ್ತಾರೆ.

ಇನ್ನು ಫೀಸು. ನಿಮ್ಮ ತಲೆ ತಿರುಗಿದ್ದು ಸಹಜವೇ. ಆದರೆ ಈ ಶಾಲೆ ಶುರುವಾದದ್ದು ಪುಕ್ಕಟೆ ಶಾಲೆಯಾಗಿ. ಖರ್ಚು ಎಲ್ಲಿಂದ ಬರುತ್ತಿತ್ತು ಗೊತ್ತಾ? ಹಿಟ್ಟಿನ ಗಿರಣಿಯಿಂದ. ಅರ್ಕ್ ಎಂಬ ಹೊಳೆಯ ಮೇಲೆ ನೀರಿನಿಂದ ತಿರುಗುವ ಗಿರಣಿಗಳಿದ್ದವು. ಮ್ಯಾಂಚೆಸ್ಟರಿನ ಜನ ತಮ್ಮ ಕಾಳನ್ನು ಅಲ್ಲಿಯೇ ಬೀಸಿಸಬೇಕು, ಬೇರೆ ಕಡೆ ಹೋಗುವಂತಿಲ್ಲ. ಬೀಸಿದ ಕೂಲಿಯಲ್ಲಿ ಮೇಷ್ಟ್ರ ಸಂಬಳ. ನಾನು ಓದಿದ ಪ್ರೈಮರಿ ಶಾಲೆಯ ಗೋಡೆಗೂ ಒಂದು ಗಿರಣಿ ಅಂಟಿಕೊಂಡಿತ್ತು. ಮಗ್ಗಿ ಹೇಳುವಾಗ ಬೆಲ್ಟಿನ ಟಪಟಪ ತಾಳ ಹಾಕುತ್ತಿತ್ತು, ಕಿಟಕಿ ಹತ್ತಿರ ಕೂತವರ ಸ್ಲೇಟಿನ ಮೇಲೆ ರಾಗಿ ಹಿಟ್ಟು ಕೂರುತ್ತಿತ್ತು. ಆ ಗಿರಣಿಯಿಂದ ನಮ್ಮ ಶಾಲೆಗೆ ಬಂದದ್ದು ಅಷ್ಟೇ!

ಊರು ಬೆಳೆಯಿತು, ಗಿರಣಿಗೆ ಕ್ಯೂ ಬೆಳೆಯಿತು, ಜನ ರೇಗಿದರು. ಗಿರಣಿಯವರ ಮೇಲೆ ಚುಚ್ಚುಪದ್ಯಗಳೂ ಹುಟ್ಟಿದವು. ಕೊನೆಗೆ 1758ರಲ್ಲಿ ಪಾರ್ಲಿಮೆಂಟೇ ಕಾಯಿದೆ ಮಾಡಿ ಜನರನ್ನು ಬಿಡಿಸಿತು. ಆದರೆ ಬಿಯರ್ ಮಾಡುವ ಮಾಲ್ಟನ್ನು ಮಾತ್ರ ಶಾಲೆಯ ಗಿರಣಿಗೇ ಉಳಿಸಿತು. ಅಂದರೆ ಕುಡಿಯುವವರ ಕಾಸಿನಲ್ಲಿ ಓದು ನಡೆಯಿತು. ನಮ್ಮ ಅಬಕಾರಿ ಇಲಾಖೆ ಕೇಳಿದರೆ ಖುಷಿಪಟ್ಟೀತು.

19ನೇ ಶತಮಾನದಲ್ಲಿ ಫೀಸು ಕೊಡುವ ಹುಡುಗರೂ ಬಂದರು. ಆಗ ಹುಟ್ಟಿಕೊಂಡ ಪ್ರಶ್ನೆ ಇವತ್ತಿಗೂ ಹೋಗಿಲ್ಲ: ಬಡವರ ಮನೆಯ ಜಾಣ ಹುಡುಗನ ದುಡ್ಡು ಯಾರು ಕಟ್ಟಬೇಕು? ಜೇಮ್ಸ್ ಚಾಡ್ವಿಕ್ ಎಂಬ ಹುಡುಗನಿಗೆ ಈ ಶಾಲೆ ಸ್ಕಾಲರ್‌ಶಿಪ್ ಕೊಟ್ಟಿತು. ಅದರ ಮೇಲೂ ಕೈಯಿಂದ ಕಟ್ಟಬೇಕಾಗಿದ್ದ ಚೂರುಪಾರು ಮನೆಯವರ ಹತ್ತಿರ ಇರಲಿಲ್ಲ. ಅವನು ಊರಿನ ಇನ್ನೊಂದು ಶಾಲೆಗೆ ಹೋದ. 1932ರಲ್ಲಿ ನ್ಯೂಟ್ರಾನ್ ಕಂಡುಹಿಡಿದದ್ದು ಅದೇ ಚಾಡ್ವಿಕ್. 1935ರಲ್ಲಿ ನೊಬೆಲ್ ಬಂತು. ಆ ಗೂಬೆಯ ಬ್ಲೇಜರ್ ತೊಡುವ ಭಾಗ್ಯ ಅವನಿಗಿರಲಿಲ್ಲ ಅನ್ನಬೇಕೋ, ಶಾಲೆಗಿರಲಿಲ್ಲ ಅನ್ನಬೇಕೋ.

ಎರಡನೇ ಮಹಾಯುದ್ಧದ ನಂತರದ ಮೂವತ್ತು ವರ್ಷ ಒಳ್ಳೆಯ ಕಾಲ. ‘ಡೈರೆಕ್ಟ್ ಗ್ರಾಂಟ್’ ಅಂತ ಒಂದು ಏರ್ಪಾಡಿತ್ತು. ನಮ್ಮ ಅನುದಾನಿತ ಶಾಲೆಗಳ ದೂರದ ನೆಂಟ ಅನ್ನಿ. ಪರೀಕ್ಷೆ ಪಾಸಾದರೆ ಬಹಳಷ್ಟು ಹುಡುಗರ ಖರ್ಚನ್ನು ಸರಕಾರವೇ ಕಟ್ಟುತ್ತಿತ್ತು. ಸಾಲ್ಫೋರ್ಡ್ ಕಡೆಯ ಡಾಕ್ಟರೊಬ್ಬರ ಮಗ ಕೃಷ್ಣ ಭಾನ್‌ಜಿ ಓದಿದ್ದು ಆ ಕಾಲದಲ್ಲೇ. ಮುಂದೆ ಬೆನ್ ಕಿಂಗ್ಸ್‌ಲೀ ಅಂತ ಹೆಸರು ಬದಲಿಸಿಕೊಂಡು, ತೆರೆಯ ಮೇಲೆ ಗಾಂಧಿಯಾಗಿ ಆಸ್ಕರ್ ಗೆದ್ದರು. 1970ರ ದಶಕದಲ್ಲಿ ಸರಕಾರ ಆ ಗ್ರಾಂಟ್ ನಿಲ್ಲಿಸಿತು. ಸರಕಾರಿ ವ್ಯವಸ್ಥೆಗೆ ಸೇರಿ, ಇಲ್ಲವೇ ನಿಮ್ಮ ದಾರಿ ನೋಡಿಕೊಳ್ಳಿ ಎಂದಿತು. ಮ್ಯಾಂಚೆಸ್ಟರ್ ತನ್ನ ದಾರಿ ನೋಡಿಕೊಂಡಿತು. ಅವರು ಇಂಡಿಪೆಂಡೆಂಟ್ ಶಾಲೆ ಅನ್ನುವುದು ಇದಕ್ಕೇ. ಸರಕಾರದ ದುಡ್ಡಿಲ್ಲ, ಸರಕಾರದ ಪಠ್ಯಕ್ರಮದ ಕಟ್ಟೂ ಇಲ್ಲ.

ಇಲ್ಲೊಂದು ಗೊಂದಲ. ಇಂಗ್ಲೆಂಡಿನಲ್ಲಿ ಇನ್ನೂ 163 ಸರಕಾರಿ ಗ್ರಾಮರ್ ಶಾಲೆಗಳಿವೆ, ಪರೀಕ್ಷೆ ಪಾಸಾದರೆ ಪುಕ್ಕಟೆ. ನಿಮ್ಮ ಮೊಮ್ಮಗನದು ಹೆಸರಿಗೆ ಗ್ರಾಮರ್, ಲೆಕ್ಕಕ್ಕೆ ಖಾಸಗಿ. ಇನ್ನು ಅವರ ‘ಪಬ್ಲಿಕ್ ಸ್ಕೂಲ್’ ಅಂದರೆ ಖಾಸಗಿಯಲ್ಲೇ ಖಾಸಗಿ. ನಮ್ಮೂರುಗಳಲ್ಲಿ ಎರಡು ಕೋಣೆಯ ಕಾನ್ವೆಂಟೂ ‘ಪಬ್ಲಿಕ್ ಸ್ಕೂಲ್’ ಅಂತ ಬೋರ್ಡ್ ಹಾಕಿಕೊಳ್ಳುವುದು ಆ ಗತ್ತಿಗೇ ಅಲ್ವಾ?

2025ರ ಜನವರಿ 1ರಿಂದ ಖಾಸಗಿ ಶಾಲೆಯ ಫೀಸಿನ ಮೇಲೆ ಶೇಕಡಾ 20ರಷ್ಟು ವ್ಯಾಟ್ ಕೂಡ ಬಿದ್ದಿದೆ. ಆ ತೆರಿಗೆ ಸರಿಯೇ ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ: ಶೇಕಡಾ 93 ಮಕ್ಕಳು ಸರಕಾರಿ ಶಾಲೆಯಲ್ಲೇ ಓದುವ ದೇಶದಲ್ಲಿ ಅದಕ್ಕೆ ಚಪ್ಪಾಳೆ ಬಿದ್ದರೆ ನನಗೆ ಆಶ್ಚರ್ಯವಿಲ್ಲ. ಹಾಗಂತ ನಿಮ್ಮ ಮಗಳ ಕಷ್ಟವೂ ಸುಳ್ಳಲ್ಲ. ‘ಬರ್ಸರಿ’ ಎಂಬ ಸಹಾಯಧನದ ಬಗ್ಗೆ ವಿಚಾರಿಸಲು ಹೇಳಿ. ಅದು ಮನೆಯ ಆದಾಯ ನೋಡಿ ಕೊಡುವಂಥದ್ದು, ಅಂಕ ನೋಡಿ ಅಲ್ಲ. ಕೇಳಲು ನಾಚಿಕೆ ಬೇಡ. ಬೇರೆಯವರ ಕಾಸಿನಲ್ಲಿ ಓದುವುದು ಈ ಶಾಲೆಗೆ ಗಿರಣಿಯ ಕಾಲದಿಂದಲೂ ಹೊಸದಲ್ಲ.

ಹಾಸ್ಟೆಲ್ ಇಲ್ಲ ಎಂಬ ಬೇಸರ ಬಿಡಿ. ಹಿಂದೆ ಕೆಲವು ಹುಡುಗರು ಮೇಷ್ಟ್ರ ಮನೆಯಲ್ಲಿ ಉಳಿಯುತ್ತಿದ್ದರು. ಥಾಮಸ್ ಡಿ ಕ್ವಿನ್ಸಿ ಅವರಲ್ಲೊಬ್ಬ. ಬೇಸತ್ತು 1802ರಲ್ಲಿ ಓಡಿಹೋದ. ಅದೂ ಹೇಗೆ! ಭಾರದ ಟ್ರಂಕನ್ನು ಆಳಿನ ಹೆಗಲ ಮೇಲೆ ಹೊರಿಸಿ ಸದ್ದಿಲ್ಲದೆ ಮೆಟ್ಟಿಲಿಳಿಸುವಾಗ ಆಳಿನ ಕಾಲು ಜಾರಿತು. ಟ್ರಂಕು ದಡದಡ ಉರುಳಿ ಹೆಡ್‌ಮಾಸ್ಟರ್ ಮಲಗುವ ಕೋಣೆಯ ಬಾಗಿಲಿಗೇ ಹೋಗಿ ಬಡಿಯಿತು. ಆಳು ಬಿದ್ದು ಬಿದ್ದು ನಕ್ಕ. ಹೆಡ್‌ಮಾಸ್ಟರ್ ಮಾತ್ರ ಏಳಲೇ ಇಲ್ಲ. ಮುಂದೆ ದೊಡ್ಡ ಲೇಖಕನಾದ ಮೇಲೆ ಅವನೇ ಇದನ್ನು ಬರೆದ. ನಿಮ್ಮ ಮೊಮ್ಮಗ ಓಡಿಹೋಗಬೇಕಿಲ್ಲ. ಸಂಜೆ ಬಸ್ಸು ಹತ್ತಿದರೆ ಸಾಕು, ಅಮ್ಮನ ಕೈಯ ಸಾರು ಅನ್ನ ಇರುತ್ತದೆ. ಸುತ್ತಲಿನ ಊರುಗಳಿಂದಲೂ ಹುಡುಗರು ದಿನಾ ಬಂದು ಹೋಗುತ್ತಾರೆ. ಮನೆಯಲ್ಲಿ ಕನ್ನಡ ಆಡುವ ಹುಡುಗನಿಗೆ ಡೇ ಸ್ಕೂಲಿಗಿಂತ ದೊಡ್ಡ ಉಪಕಾರ ಇಲ್ಲ.

ಓದಿನ ರೀತಿ ಬೇರೆ. ಹದಿನಾರಕ್ಕೆ ಒಂದು ದೊಡ್ಡ ಪರೀಕ್ಷೆ, ಆಮೇಲೆ ಎರಡು ವರ್ಷ ‘ಎ ಲೆವೆಲ್’. ಅದರಲ್ಲಿ ಮೂರೋ ನಾಲ್ಕೋ ವಿಷಯ ಅಷ್ಟೇ. ಫಿಸಿಕ್ಸ್ ಜೊತೆ ಇತಿಹಾಸ ತಗೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಪಿಯುಸಿಯಲ್ಲಿ ಹಾಗೆ ಕೇಳಿ ನೋಡಿ! ರಜೆಯಲ್ಲಿ ಡೇರೆ ಹಾಕಿ ಬೆಟ್ಟ ಸುತ್ತಿಸುವ ರೂಢಿಯೂ ಹಳೆಯದು. ಜೆ.ಎಲ್. ಪೇಟನ್ ಹೈ ಮಾಸ್ಟರ್ ಆಗಿದ್ದ ಕಾಲದಿಂದ, ಅಂದರೆ ನೂರು ವರ್ಷಕ್ಕೂ ಹಿಂದಿನಿಂದ ನಡೆದು ಬಂದಿದೆ. ಮಂಡಿ ತರಚಿಕೊಂಡ ಫೋಟೊ ಬಂದರೆ ಗಾಬರಿಯಾಗಬೇಡಿ.

ನಿಮ್ಮ ಹುಡುಗ ಅಲ್ಲಿ ಮೊದಲ ಭಾರತೀಯನೂ ಅಲ್ಲ. ಅರವಿಂದ ಘೋಷರ ಇಬ್ಬರು ಅಣ್ಣಂದಿರು 1880ರ ದಶಕದ ಆರಂಭದಲ್ಲಿ ಅದೇ ಶಾಲೆಗೆ ಹೋಗುತ್ತಿದ್ದರು. ಅರವಿಂದರು ಚಿಕ್ಕವರು, ಮನೆಯಲ್ಲೇ ಪಾಠ. ಆಮೇಲೆ ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆ ಸೇರಿದರು. ಅಲ್ಲಿನ ಹೈ ಮಾಸ್ಟರ್ ವಾಕರ್ ಅದಕ್ಕೆ ಮೊದಲು ಇದ್ದದ್ದು ಮ್ಯಾಂಚೆಸ್ಟರ್ ಶಾಲೆಯಲ್ಲೇ.

ಕೊನೆಗೆ ರಜೆ. ಏಪ್ರಿಲ್, ಮೇ ಆಗುವುದಿಲ್ಲ. ಈಸ್ಟರ್‌ಗೆ ಕೆಲವು ವಾರ ಬಿಡುವು ಸಿಗುತ್ತದೆ, ಆದರೆ ಅವರ ದೊಡ್ಡ ರಜೆ ಜುಲೈ, ಆಗಸ್ಟ್. ಆಗ ಮಾವು ಮುಗಿದಿರುತ್ತದೆ, ಅಂಗಳದಲ್ಲಿ ಕೆಸರು. ಮಳೆ ಬಂದು ಆಟ ಕೆಟ್ಟಿತು ಅಂತ ಹುಡುಗ ಗೊಣಗಲಾರ. ಅವನು ಬರುವುದೇ ಮ್ಯಾಂಚೆಸ್ಟರಿನಿಂದ.