ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದ ಒಂದು ಸಾಲು

ಮಾನ್ಯ ಟೀಚರ್ ಅವರಿಗೆ ನಮಸ್ಕಾರಗಳು.

ದಕ್ಷಿಣ ಕನ್ನಡದ ಹಳ್ಳಿಯೊಂದರ ಕಥೊಲಿಕ್ ಅನುದಾನಿತ ಶಾಲೆಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. 2020ರಲ್ಲಿ ಶಾಲೆ ಮುಚ್ಚಿದ್ದಾಗ ನಿಮ್ಮ ತರಗತಿಯ ನಲವತ್ತೊಂದು ಮಕ್ಕಳಿಗಾಗಿ ದಿನವೂ ಬೆಳಗಿನ ಪ್ರಾರ್ಥನೆಯನ್ನು ಧ್ವನಿಮುದ್ರಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದಿರಿ. ಅದನ್ನು ಕೇಳುತ್ತಿದ್ದುದು ಒಂಬತ್ತೋ ಹತ್ತೋ ಮನೆಗಳವರು. ಈಗ ಶಾಲೆಯ ಸ್ಮರಣ ಸಂಚಿಕೆಗೆ ಆ ದಿನಗಳ ಕುರಿತು ಬರೆಯಲು ಹೇಳಿದ್ದಾರೆ, ಆದರೆ ಪೆನ್ನು ಮುಂದೆ ಸಾಗುತ್ತಿಲ್ಲ, "ನಾವು ಆಗ ಉಳಿಸಿಕೊಂಡ ವಿಶ್ವಾಸವಾದರೂ ಯಾವುದು?" ಎಂದು ಕೇಳಿದ್ದೀರಿ. ಈ ಪ್ರಶ್ನೆಗೆ ಎರಡು ಸಾಲಿನಲ್ಲಿ ಉತ್ತರಿಸಲು ನನಗೆ ಮನಸ್ಸಾಗಲಿಲ್ಲ.

ಮೊದಲು ಆ ಒಂಬತ್ತು ಮನೆಗಳ ಮಾತು. ಗ್ರಾಮೀಣ ಭಾರತದಲ್ಲಿ ಶಾಲಾ ಮಕ್ಕಳಿರುವ ಮನೆಗಳ ಪೈಕಿ ಸ್ಮಾರ್ಟ್‌ಫೋನ್ ಇದ್ದವುಗಳ ಪ್ರಮಾಣ 2018ರಲ್ಲಿ ಶೇ. 36.5 ಇದ್ದದ್ದು 2020ರಲ್ಲಿ ಶೇ. 61.8ಕ್ಕೆ ಏರಿತ್ತೆಂದು ಗ್ರಾಮೀಣ ಮಕ್ಕಳ ಶಿಕ್ಷಣದ ಸ್ಥಿತಿಗತಿಯನ್ನು ನೋಡುವ ಅಸರ್ ಸಮೀಕ್ಷೆ ಹೇಳಿತು. ಆದರೆ ಮನೆಯಲ್ಲಿ ಫೋನ್ ಇರುವುದೂ ಅದು ಮಗುವಿನ ಕೈಗೆ ಸಿಗುವುದೂ ಬೇರೆ ಬೇರೆ ಸಂಗತಿಗಳು. ನೀವೇ ಬರೆದಂತೆ, ಅಪ್ಪ ಕೆಲಸ ಮುಗಿಸಿ ಬಂದ ಮೇಲೆ, ರಾತ್ರಿ ಎಂಟಕ್ಕೆ, ಅಡಿಕೆ ತೋಟದ ಮೇಲಿನ ಪಾದೆಗೆ (ಬಂಡೆಗೆ) ಹೋಗಿ ನಿಂತರೆ ಮಾತ್ರ ಅಲ್ಲಿಯ ಮಕ್ಕಳಿಗೆ ನೆಟ್‌ವರ್ಕ್ ಸಿಗುತ್ತಿತ್ತು. ಹಾಗಿರುವಾಗ ಬೆಳಗಿನ ಪ್ರಾರ್ಥನೆಯನ್ನು ಎಷ್ಟು ಮಂದಿ ಕೇಳಿದರೆಂಬುದರ ಮೇಲೆ ಮಕ್ಕಳ ಭಕ್ತಿಯನ್ನಾಗಲಿ ನಿಮ್ಮ ಶ್ರಮವನ್ನಾಗಲಿ ಅಳೆಯುವುದು ನ್ಯಾಯವಲ್ಲ.

ನೀವು ನಡುವೆ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದ ವಿಷಯವೇ ನನ್ನನ್ನು ಹಿಡಿದು ನಿಲ್ಲಿಸಿತು. ಜೂನ್ ತಿಂಗಳಿನಿಂದ ನೀವು ಹಾಜರಿ ಪುಸ್ತಕದ ಕ್ರಮದಲ್ಲೇ ದಿನಕ್ಕೆ ಐದು ಮನೆಗಳಿಗೆ ಫೋನ್ ಮಾಡಿ, ಮಾತು ಮುಗಿದೊಡನೆ ಒಂದು ನೋಟ್‌ಬುಕ್ಕಿನಲ್ಲಿ ಮಗುವಿನ ಹೆಸರಿನ ಮುಂದೆ ಒಂದು ಸಾಲು ಬರೆದಿಡುತ್ತಿದ್ದಿರಿ: "ಅಜ್ಜಿಗೆ ಜ್ವರ", "ಬೀಡಿ ಕೆಲಸ ನಿಂತಿದೆ", "ದನ ಕರು ಹಾಕಿದೆ, ತುಂಬಾ ಖುಷಿ". ಬಿಸಿಯೂಟ ನಿಂತು ಅದರ ಬದಲಿಗೆ ಅಕ್ಕಿ, ಬೇಳೆಯನ್ನೇ ಮನೆಗೆ ಕೊಡುವಂತಾದಾಗ, ತೂಕ ಮಾಡುವ ಮೇಜಿನ ಪಕ್ಕದಲ್ಲಿ ಮಾಸ್ಕ್ ಹಾಕಿ ನಿಂತಿದ್ದ ನಿಮ್ಮ ಹತ್ತಿರ ಒಬ್ಬ ತಾಯಿ ಚೀಲದ ಬಾಯಿ ಕಟ್ಟುತ್ತ, ತಲೆ ಎತ್ತದೆ, "ಟೀಚರ್, ಮನೆಯಲ್ಲಿ ಇದೇ ಅಕ್ಕಿ ಈಗ" ಎಂದರಂತೆ. ಆ ಮನೆಗೆ ಮುಂದಿನ ಎರಡು ತಿಂಗಳು ಸಿಸ್ಟರ್‌ಗಳ ಕಾನ್ವೆಂಟಿನಿಂದ ದಿನಸಿ ಹೋಯಿತು ಎಂದಿದ್ದೀರಿ. ವಿಶ್ವಾಸ ಯಾವುದೆಂದು ಕೇಳುತ್ತೀರಲ್ಲ ಟೀಚರ್, ನನಗೆ ಅದು ಆ ಮೇಜಿನ ಪಕ್ಕದಲ್ಲೇ ಕಾಣಿಸುತ್ತದೆ.

ಆ ವರ್ಷದ ಮಾರ್ಚ್ 27ರ ಸಂಜೆಯನ್ನು ನೀವೂ ನೋಡಿರಬಹುದು. ಮಳೆಯಲ್ಲಿ ತೊಯ್ದ, ಜನರೇ ಇಲ್ಲದ ವ್ಯಾಟಿಕನ್ನಿನ ಸಂತ ಪೇತ್ರರ ಚೌಕದಲ್ಲಿ, ಈಗ ನಮ್ಮೊಂದಿಗಿಲ್ಲದ ಜಗದ್ಗುರು (ಪೋಪ್) ಫ್ರಾನ್ಸಿಸರು ಮಾರ್ಕನ ಶುಭಸಂದೇಶದಲ್ಲಿ ಯೇಸು ಮತ್ತು ಶಿಷ್ಯರಿದ್ದ ದೋಣಿ ಬಿರುಗಾಳಿಗೆ ಸಿಕ್ಕಿದ ಪ್ರಸಂಗವನ್ನು ತೆಗೆದುಕೊಂಡು, ನಾವೆಲ್ಲರೂ ಒಂದೇ ದೋಣಿಯಲ್ಲಿದ್ದೇವೆ, ಎಲ್ಲರೂ ಕೂಡಿ ಹುಟ್ಟು ಹಾಕಬೇಕು ಎಂಬ ಅರ್ಥದ ಮಾತನಾಡಿದರು. ಏಪ್ರಿಲ್ 10ರ ಶುಭ ಶುಕ್ರವಾರವೂ 12ರ ಪಾಸ್ಖ (ಈಸ್ಟರ್) ಹಬ್ಬವೂ ಮುಚ್ಚಿದ ಬಾಗಿಲುಗಳ ಹಿಂದೆಯೇ ಕಳೆದುಹೋದವು. ನಮ್ಮ ಮನೆಯಲ್ಲಿ ಟಿವಿಯಲ್ಲಿ ಇಗರ್ಜಿಯ ಬಲಿಪೂಜೆ ನಡೆಯುವಾಗ ನನ್ನ ತಾಯಿ ತಲೆಗೆ ಸೆರಗು ಹೊದ್ದು, ಶುಭಸಂದೇಶದ ವಾಚನಕ್ಕೆ ಗೋಡೆ ಹಿಡಿದು ಎದ್ದು ನಿಲ್ಲುತ್ತಿದ್ದರು. ಗುರುಗಳ ಕೈಯಿಂದ ರೊಟ್ಟಿಯ ರೂಪದಲ್ಲಿ ಪಡೆಯಬೇಕಾದ ಪರಮಪ್ರಸಾದದ ಹೊತ್ತಿಗೆ ಮಾತ್ರ ಅವರ ಮುಖ ನೋಡಲಾಗುತ್ತಿರಲಿಲ್ಲ. ಪರದೆಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ನಾನು ಕಲಿತದ್ದು ಅವರ ಬಳಿಯೇ.

ನೀವು ಎತ್ತಿದ ಇನ್ನೊಂದು ಸಂಕೋಚಕ್ಕೆ ಬರುತ್ತೇನೆ. ತರಗತಿಯ ಮಕ್ಕಳಲ್ಲಿ ಕ್ರೈಸ್ತರು ಆರೇ ಮಂದಿ. ಉಳಿದವರ ಮನೆಯೊಳಕ್ಕೆ ಫೋನಿನ ಮೂಲಕ ನಮ್ಮ ಪ್ರಾರ್ಥನೆ ಹೋಗುವುದು ಸರಿಯೇ ಎಂದು ಎರಡನೆಯ ವಾರದಲ್ಲೇ ನಿಮಗೆ ಅನ್ನಿಸಿತು. ಅನ್ನಿಸಿದ್ದು ಒಳ್ಳೆಯದೇ ಆಯಿತು. ಅನುದಾನ ಪಡೆಯುವ ಶಾಲೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಅಥವಾ ಆರಾಧನೆಗೆ ಒಳಪಡಿಸಬಾರದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಕಥೊಲಿಕ್ ಧರ್ಮಾಧ್ಯಕ್ಷರ ಎರಡನೆಯ ವ್ಯಾಟಿಕನ್ ಮಹಾಸಭೆಯೂ ಶಿಕ್ಷಣದ ಕುರಿತ ತನ್ನ 1965ರ ಘೋಷಣೆಯಲ್ಲಿ, ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿಯರೇ ಎಂದಿದೆ. ಮನೆ ಅವರದು, ಅಲ್ಲಿಯ ದೀಪವೂ ಅವರದೇ. ಆದ್ದರಿಂದ ನೀವು ಧರ್ಮೋಪದೇಶದ ಮಕ್ಕಳಿಗೆ ಬೇರೆ ಗುಂಪು ಮಾಡಿ, ಎಲ್ಲರಿಗೂ ಒಂದು ನಿಮಿಷದ ಮೌನ ಮತ್ತು ಒಂದು ಒಳ್ಳೆಯ ಮಾತನ್ನಷ್ಟೇ ಕಳುಹಿಸತೊಡಗಿದ್ದರಲ್ಲಿ ವಿಶ್ವಾಸವನ್ನು ಬಿಟ್ಟುಕೊಟ್ಟದ್ದೇನೂ ನನಗೆ ಕಾಣುವುದಿಲ್ಲ.

ಸೆಪ್ಟೆಂಬರ್ 8ರ ತೆನೆಹಬ್ಬದ, ಅಂದರೆ ಮರಿಯಮ್ಮನವರ ಜನ್ಮದಿನಕ್ಕೆ ಹೊಸ ತೆನೆಯನ್ನು ಮನೆಗೆ ತರುವ ಹಬ್ಬದ, ಸಂಗತಿ ಓದಿ ನಾನು ಪತ್ರವನ್ನು ಮನೆಯವರಿಗೂ ಓದಿ ಹೇಳಿದೆ. ಒಂಬತ್ತು ದಿನ ಬುಟ್ಟಿ ತುಂಬ ಹೂ ಹಿಡಿದು ಇಗರ್ಜಿಗೆ ಸಾಲುಗಟ್ಟಿ ಹೋಗಬೇಕಾಗಿದ್ದ ಮಕ್ಕಳು ಆ ವರ್ಷ ಅಂಗಳದ ದಾಸವಾಳ, ಗೋರಂಟೆಗಳನ್ನೇ ಕೊಯ್ದು ಮನೆಯ ಮರಿಯಮ್ಮನವರ ಮುಂದೆ ಇಟ್ಟರು. ನೀವು ಎಲ್ಲ ಮಕ್ಕಳನ್ನೂ "ನಿಮ್ಮ ಮನೆಗೆ ತೆನೆ ಹೇಗೆ ಬರುತ್ತದೆ?" ಎಂದು ಕೇಳಿದಿರಿ; ಒಬ್ಬಳು ಬಾಗಿಲಿಗೆ ಕುರಲ್ (ತೆನೆ) ಕಟ್ಟುವುದನ್ನು ಹೇಳಿದಳು, ಇನ್ನೊಬ್ಬ ಪುದ್ವಾರ್ (ಹೊಸ ಅಕ್ಕಿಯ) ಊಟದ ಹೊಸ ಅಕ್ಕಿಯ ರುಚಿಯನ್ನು ಹೇಳಿದ. ಅಂದು ನಿಮಗೆ ಇಪ್ಪತ್ತಾರು ಉತ್ತರಗಳು ಬಂದವಂತೆ. ಸ್ಮರಣ ಸಂಚಿಕೆಯಲ್ಲಿ ಅವೇ ಬರಲಿ. ಆನ್‌ಲೈನ್ ಪ್ರಾರ್ಥನೆಯ ಭಾವಚಿತ್ರಗಳಿಗೆ ಅರ್ಧ ಪುಟ ಸಾಕು. ನೋಟ್‌ಬುಕ್ಕಿನ ಸಾಲುಗಳನ್ನೂ ಕೊಡಿ, ಆದರೆ ಮನೆಗಳ ಕಷ್ಟ ಅವರವರ ಸ್ವಂತದ್ದಾದ್ದರಿಂದ ಹೆಸರುಗಳು ಬೇಡ.

ಕೊನೆಗೆ, ಒಂದು ಹೆಸರಿನ ಮುಂದೆ ಮಾತ್ರ ಏನೂ ಬರೆದಿಲ್ಲ ಎಂದಿದ್ದೀರಿ. ಕಟ್ಟಡ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದಿದ್ದ ಅವನ ತಂದೆತಾಯಿ ಲಾಕ್‌ಡೌನಿನಲ್ಲಿ ಊರಿಗೆ ಮರಳಿದರು, ಫೋನ್ ಸ್ವಿಚ್ ಆಫ್ ಆಗಿತ್ತು, ನೀವು ಹನ್ನೊಂದು ಸಲ ಪ್ರಯತ್ನಿಸಿದಿರಿ. ಶಾಲೆಯ ದಾಖಲೆಯಲ್ಲಿ ಅವನ ಸ್ಯಾಟ್ಸ್ ಸಂಖ್ಯೆ, ಅಂದರೆ ರಾಜ್ಯದ ವಿದ್ಯಾರ್ಥಿ ದಾಖಲೆಯ ಗುರುತಿನ ಸಂಖ್ಯೆ, ಇರುತ್ತದೆ. ಹುಡುಗ ಬೇರೆ ಶಾಲೆಗೆ ಸೇರಿದ್ದರೆ ಅದರಿಂದ ಗೊತ್ತಾಗಬಹುದು. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಅವರನ್ನು ಒಮ್ಮೆ ಕೇಳಿ ನೋಡಿ. ಈಗ ಅವನು ಪಿಯುಸಿ ಓದುವ ವಯಸ್ಸಿನವನು. ಹನ್ನೆರಡನೆಯ ಕರೆಯನ್ನು ಅವನೇ ಎತ್ತಿಕೊಳ್ಳಬಹುದು.

ವಿಶ್ವಾಸದಿಂದ,
ಸಂಪಾದಕ