ಓದುಗರ ಪ್ರಶ್ನೆ: ಫ್ರೆಂಚ್ ಟಿವಿಯಲ್ಲಿ ಸುದ್ದಿಯ ಜೊತೆ ನಗು

ಪ್ರಶ್ನೆ (ಮೈಸೂರಿನ ಓದುಗರು): ಫ್ರೆಂಚ್ ಕಲಿಯುತ್ತಿರುವ ನನ್ನ ಮಗಳು ಭಾಷೆ ಕಿವಿಗೆ ಒಗ್ಗಲೆಂದು ‘ಕೊತಿದಿಯಾಂ’ ಎಂಬ ಕಾರ್ಯಕ್ರಮದ ತುಣುಕುಗಳನ್ನು ನೋಡುತ್ತಿರುತ್ತಾಳೆ. ಒಂದು ನಿಮಿಷ ಯುದ್ಧಭೂಮಿಯ ವರದಿ, ಮರುನಿಮಿಷಕ್ಕೆ ಸಭಿಕರ ಚಪ್ಪಾಳೆ, ನಗು. ಇದನ್ನು ಸುದ್ದಿ ಎನ್ನಬೇಕೋ ಮನರಂಜನೆ ಎನ್ನಬೇಕೋ?

ಉತ್ತರ: ಆ ಎರಡರ ನಡುವಿನ ಗೆರೆಯನ್ನು ಕಾರ್ಯಕ್ರಮದವರು ಬೇಕೆಂದೇ ಅಳಿಸಿದ್ದಾರೆ. ಹಾಗಾಗಿ ಯಾವುದೋ ಒಂದು ಹೆಸರಿಡುವ ಮೊದಲು ಅದು ಎಲ್ಲಿಂದ ಬಂದಿತೆಂದು ನೋಡೋಣ. ಅದರ ತವರು ಕನಾಲ್ ಪ್ಲುಸ್. 1984ರ ನವೆಂಬರಿನಲ್ಲಿ ಆರಂಭವಾದ ಈ ವಾಹಿನಿಯಲ್ಲಿ ಸಿನಿಮಾ, ಫುಟ್‌ಬಾಲ್ ನೋಡಬೇಕಾದರೆ ಚಂದಾ ಕಟ್ಟಿ ಡಿಕೋಡರ್ ತರಬೇಕಿತ್ತು. ದಿನದ ಕೆಲವು ಗಂಟೆಗಳ ಪ್ರಸಾರ ಮಾತ್ರ ಎಲ್ಲರಿಗೂ ಉಚಿತವಾಗಿ ಕಾಣುತ್ತಿತ್ತು. ದಾರಿಹೋಕರನ್ನು ಒಳಗೆ ಕರೆಯುವ ಅಂಗಡಿಯ ಮುಂಗಟ್ಟಿನಂತಿದ್ದ ಆ ಉಚಿತ ಹೊತ್ತಿನಲ್ಲಿ, ಉಳಿದ ವಾಹಿನಿಗಳಲ್ಲಿ ಸಿಗದ ತುಂಟತನ ಇರಲೇಬೇಕಾಗಿತ್ತು. 1987ರಿಂದ ಫಿಲಿಪ್ ಜಿಲ್ದಾಸ್ ನಡೆಸಿದ ಸಂಜೆಯ ಹರಟೆ, 1996ರಿಂದ ರಾಜಕಾರಣಿಗಳನ್ನು ಏಕವಚನದಲ್ಲೇ ಮಾತನಾಡಿಸುತ್ತಿದ್ದ ಕಾರ್ಲ್ ಝೆರೊ ಅವರ ‘ಲ ವ್ರೇ ಜುರ್ನಾಲ್’, 2004ರಲ್ಲಿ ಮಿಶೆಲ್ ದೆನಿಜೊ ಆರಂಭಿಸಿದ ‘ಲ ಗ್ರಾಂ ಜುರ್ನಾಲ್’, ಇವೆಲ್ಲ ಅದೇ ಮುಂಗಟ್ಟಿನ ಸರಕುಗಳು. ಈ ಕೊನೆಯದರೊಳಗೆ ಯಾನ್ ಬಾರ್ತೆಸ್ ಎಂಬ ಯುವಕ ‘ಲ ಪೆತಿ ಜುರ್ನಾಲ್’ ಎಂಬ ಕೆಲವೇ ನಿಮಿಷಗಳ ಅಂಕಣವೊಂದನ್ನು ನಡೆಸುತ್ತಿದ್ದರು. 2011ರಲ್ಲಿ ಅದು ಸ್ವತಂತ್ರ ಕಾರ್ಯಕ್ರಮವಾಯಿತು. ಅದೇ ವರ್ಷ ಬಾರ್ತೆಸ್ ಮತ್ತು ನಿರ್ಮಾಪಕ ಲೊರಾಂ ಬೋಂ ಸೇರಿ ಬಾಂಗುಮಿ ಎಂಬ ನಿರ್ಮಾಣ ಸಂಸ್ಥೆಯನ್ನು ಕಟ್ಟಿದರು. 2016ರಲ್ಲಿ ಅವರು ಕನಾಲ್ ಪ್ಲುಸ್ ತೊರೆದು, ಸೆಪ್ಟೆಂಬರಿನಿಂದ ಟಿಎಫ್1 ಸಮೂಹದ ಟಿಎಂಸಿ ವಾಹಿನಿಯಲ್ಲಿ ನಿಮ್ಮ ಮಗಳು ನೋಡುತ್ತಿರುವ ಕಾರ್ಯಕ್ರಮವನ್ನು ಆರಂಭಿಸಿದರು.

ಈ ಮಂದಿ ಮೊದಲು ಹೆಸರು ಮಾಡಿದ್ದು ಕ್ಯಾಮೆರಾವನ್ನು ಬೇರೆ ಕಡೆಗೆ ತಿರುಗಿಸಿದ್ದರಿಂದ. ವೇದಿಕೆಯ ಮೇಲೆ ನಾಯಕ ಭಾಷಣ ಮಾಡುತ್ತಿದ್ದರೆ ಇವರ ಕ್ಯಾಮೆರಾ, ಚಪ್ಪಾಳೆಗೆ ಸನ್ನೆ ಮಾಡುವ ಕಾರ್ಯಕರ್ತನನ್ನೋ ಪಕ್ಕದಲ್ಲಿ ನಿಂತು ತುಟಿ ಕಚ್ಚುವ ಮಾಧ್ಯಮ ಸಲಹೆಗಾರನನ್ನೋ ಹಿಡಿಯುತ್ತಿತ್ತು. ಬೆಳಗಿನಿಂದ ಬೇರೆಬೇರೆ ವಾಹಿನಿ, ರೇಡಿಯೊಗಳಿಗೆ ಹೋದ ಮಂತ್ರಿಗಳೆಲ್ಲರೂ ಪಕ್ಷದ ಕಚೇರಿ ಬರೆದುಕೊಟ್ಟ ಒಂದೇ ವಾಕ್ಯವನ್ನು ಉರು ಹೊಡೆದಂತೆ ಹೇಳಿರುವುದನ್ನು ಹುಡುಕಿ, ಆ ತುಣುಕುಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸಿ ತೋರಿಸುತ್ತಿದ್ದರು. ನೋಡುವವರಿಗೆ ನಗು ಬರುತ್ತದೆ, ನಿಜ. ಆದರೆ ದಿನವಿಡೀ ಹತ್ತಾರು ಪ್ರಸಾರಗಳನ್ನು ಕಣ್ಣಿಟ್ಟು ನೋಡುವವರ ತಂಡವೊಂದು ಹಿಂದೆ ಇಲ್ಲದಿದ್ದರೆ ಆ ನಗು ಹುಟ್ಟುವುದೇ ಇಲ್ಲ. ಇದನ್ನು ವರದಿಗಾರಿಕೆ ಎನ್ನಲು ನನಗೆ ಹಿಂಜರಿಕೆಯಿಲ್ಲ. ಕತ್ತರಿಸಿ ಜೋಡಿಸುವ ಈ ವಿದ್ಯೆಯಿಂದಲೇ ಯಾರ ಮಾತನ್ನಾದರೂ ಪೆದ್ದುತನವಾಗಿಸಬಹುದು ಎಂಬ ಆಕ್ಷೇಪವೂ ಅವರ ಬೆನ್ನಿಗೆ ಮೊದಲಿನಿಂದ ಇದೆ, ಅದರಲ್ಲಿಯೂ ಸತ್ಯಾಂಶವಿದೆ.

ಪ್ರಶ್ನೆ (ತುಮಕೂರಿನ ಓದುಗರು): ಬೊಂಬೆಗಳ ಕಾರ್ಯಕ್ರಮವೊಂದು ಫ್ರಾನ್ಸಿನ ಅಧ್ಯಕ್ಷರ ಚುನಾವಣೆಯನ್ನೇ ತಿರುಗಿಸಿತು ಎನ್ನುತ್ತಾರೆ. ಹೌದೇ?

ಉತ್ತರ: ಅದು ‘ಲೆ ಗಿನ್ಯೋಲ್ ದ ಲಂಫೊ’. 1988ರಿಂದ 2018ರವರೆಗೆ ಕನಾಲ್ ಪ್ಲುಸ್‌ನಲ್ಲಿ ನಡೆಯಿತು. ಟಿಎಫ್1ರ ಪ್ರಸಿದ್ಧ ವಾರ್ತಾವಾಚಕ ಪಾತ್ರಿಕ್ ಪುವಾವ್ರ್ ದಾರ್ವೋರ್ ಅವರನ್ನು ಹೋಲುವ ರಬ್ಬರ್ ಬೊಂಬೆ ವಾರ್ತೆ ಓದುತ್ತಿತ್ತು. ಜಾಕ್ ಶಿರಾಕ್ ಅವರ ಚುನಾವಣಾ ಪುಸ್ತಕದ ಮುಖಪುಟದಲ್ಲಿ ಸೇಬಿನ ಮರವಿದ್ದುದನ್ನು ಹಿಡಿದು, ಅವರ ಬೊಂಬೆಯ ಬಾಯಲ್ಲಿ ‘ಸೇಬು ತಿನ್ನಿ’ ಎಂಬ ಘೋಷಣೆಯನ್ನು ಹಾಕಿದವರು ಇವರೇ. ಸ್ವಪಕ್ಷದವರಿಂದಲೇ ಇರಿತಕ್ಕೊಳಗಾದ ಪಾಪದ ಮನುಷ್ಯನಂತೆ ಕಂಡ ಆ ಬೊಂಬೆಯ ಬಗ್ಗೆ ಜನರಿಗೆ ಅಕ್ಕರೆ ಹುಟ್ಟಿತು. 1995ರಲ್ಲಿ ಶಿರಾಕ್ ಗೆದ್ದರು. ಬೊಂಬೆಯೇ ಗೆಲ್ಲಿಸಿತು ಎನ್ನುವುದಕ್ಕೆ ಅಳತೆಗೋಲಿಲ್ಲ. ಮುಂದಿನ ಚುನಾವಣೆಯ ಹೊತ್ತಿಗೆ ಅದೇ ತಂಡ ಅದೇ ಶಿರಾಕ್ ಅವರಿಗೆ ಮಹಾಸುಳ್ಳುಗಾರನ ವೇಷ ತೊಡಿಸಿತು, ಆದರೂ 2002ರಲ್ಲಿ ಅವರೇ ಮತ್ತೆ ಗೆದ್ದರು!

ಪ್ರಶ್ನೆ (ಹುಬ್ಬಳ್ಳಿಯ ಓದುಗರು): ಇಂತಹ ಕಾರ್ಯಕ್ರಮಗಳಲ್ಲಿ ದುಡಿಯುವವರನ್ನು ಅಲ್ಲಿಯ ಪತ್ರಕರ್ತರು ತಮ್ಮವರೆಂದು ಒಪ್ಪುತ್ತಾರೆಯೇ?

ಉತ್ತರ: ಒಪ್ಪುವುದು ಬಿಡುವುದು ಅಲ್ಲಿ ಬರಿಯ ಅಭಿಪ್ರಾಯದ ಮಾತಲ್ಲ, ಕಾನೂನಿನ ಮಾತು. 1935ರ ಶಾಸನವೊಂದು ವೃತ್ತಿಪರ ಪತ್ರಕರ್ತರಾರೆಂದು ವ್ಯಾಖ್ಯಾನಿಸಿದೆ: ಪತ್ರಿಕೋದ್ಯಮವೇ ಮುಖ್ಯ ಕಸುಬಾಗಿದ್ದು, ಆದಾಯದ ಹೆಚ್ಚಿನ ಪಾಲು ಅದರಿಂದಲೇ ಬರಬೇಕು. ಪತ್ರಕರ್ತರ ಮತ್ತು ಮಾಲೀಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರುವ ಆಯೋಗವೊಂದು ಇದನ್ನು ಪರಿಶೀಲಿಸಿ ಗುರುತಿನ ಚೀಟಿ ಕೊಡುತ್ತದೆ. ಮನರಂಜನೆಯ ನಿರ್ಮಾಣ ಸಂಸ್ಥೆಯಿಂದ ಸಂಬಳ ಪಡೆಯುವವರಿಗೆ ಈ ಚೀಟಿ ಕೊಡಬಹುದೇ ಎಂಬ ಪ್ರಶ್ನೆ 2012ರಲ್ಲಿ ‘ಲ ಪೆತಿ ಜುರ್ನಾಲ್’ ತಂಡದ ವಿಷಯದಲ್ಲಿಯೇ ಎದ್ದು ದೊಡ್ಡ ಚರ್ಚೆಯಾಯಿತು. ಚೀಟಿಯಿಲ್ಲದೆ ವರದಿ ಮಾಡಬಾರದೆಂದೇನೂ ಇಲ್ಲ. ಆದರೆ ರಾಜಕೀಯ ಸಭೆಯ ಬಾಗಿಲಲ್ಲಿ, ನ್ಯಾಯಾಲಯದ ಮೆಟ್ಟಿಲಲ್ಲಿ, ಗಲಭೆಯ ಬೀದಿಯಲ್ಲಿ ಅದು ಕೈಯಲ್ಲಿರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ.

ಬಾಗಿಲಿನ ಮಾತು ಬಂದುದರಿಂದ ಹೇಳುತ್ತೇನೆ: 2017ರ ಫೆಬ್ರವರಿ 1ರಂದು ಪ್ಯಾರಿಸ್‌ನ ಉದ್ಯಮಿಗಳ ಮೇಳವೊಂದರಲ್ಲಿ ಕೊತಿದಿಯಾಂನ ವರದಿಗಾರ ಪಾಲ್ ಲಾರುತುರು ಅವರು ತೀವ್ರ ಬಲಪಂಥೀಯ ನಾಯಕಿ ಮಾರಿನ್ ಲ ಪೆನ್ ಅವರಿಗೆ ಪ್ರಶ್ನೆ ಕೇಳಲು ಹೋದಾಗ ಅಂಗರಕ್ಷಕರು ಅವರನ್ನು ಹೊರದಬ್ಬಿದರು. ಆ ದೃಶ್ಯವನ್ನು ದೇಶವೆಲ್ಲ ನೋಡಿತು. ತಮಾಷೆಯ ಕಾರ್ಯಕ್ರಮದವನೆಂದು ತಳ್ಳಿಹಾಕಬಹುದಾಗಿದ್ದವನನ್ನು ಮೈಕೈ ಹಿಡಿದು ತಳ್ಳಿದರೆಂದಮೇಲೆ ಅವನ ಪ್ರಶ್ನೆಗೆ ತೂಕವಿತ್ತೆಂದೇ ಅರ್ಥ. ಇದೇ ಗರಡಿಯಿಂದ ಬಂದ ಮಾರ್ತಾಂ ವೇಲ್ ಈಗ ಟಿಎಂಸಿಗೆ ದೀರ್ಘ ವರದಿಚಿತ್ರಗಳನ್ನು ಮಾಡುತ್ತಾರೆ. ಹ್ಯುಗೊ ಕ್ಲೆಮಾಂ ಸರ್ಕಾರಿ ವಾಹಿನಿಯಲ್ಲಿ ಪರಿಸರದ ಸರಣಿಯನ್ನು ನಡೆಸುತ್ತಿದ್ದಾರೆ.

ಇನ್ನೊಂದು ದಾರಿಯೂ ಇದೆ, ಅದು ಹರಟೆಯ ಮೇಜಿನ ದಾರಿ. ಸರ್ಕಾರಿ ವಾಹಿನಿ ಫ್ರಾನ್ಸ್ 2ರಲ್ಲಿ ಲೊರಾಂ ರುಕಿಯೆ 2006ರಿಂದ 2020ರವರೆಗೆ ಶನಿವಾರ ರಾತ್ರಿ ನಡೆಸಿದ ‘ಓಂ ನೆ ಪಾ ಕುಶೆ’ಯಲ್ಲಿ, ಅತಿಥಿಗಳಾಗಿ ಬಂದ ಮಂತ್ರಿ, ನಟ, ಲೇಖಕರನ್ನು ಇಬ್ಬರು ವಿಮರ್ಶಕರು ಕಟುವಾಗಿ ಪ್ರಶ್ನಿಸುತ್ತಿದ್ದರು. ಪತ್ರಿಕೆಯೊಂದರ ಅಂಕಣಕಾರರಾಗಿದ್ದ ಎರಿಕ್ ಝೆಮೂರ್ ಮನೆಮಾತಾದದ್ದು ಆ ಕುರ್ಚಿಯಿಂದ. ಅವರು 2022ರಲ್ಲಿ ಅಧ್ಯಕ್ಷ ಪದವಿಗೇ ಸ್ಪರ್ಧಿಸಿ ಸುಮಾರು ಶೇ 7ರಷ್ಟು ಮತ ಪಡೆದರು. ಅದೇ ಕುರ್ಚಿಯಲ್ಲಿ 2014ರಿಂದ 2016ರವರೆಗೆ ಕುಳಿತಿದ್ದ ಲೆಯಾ ಸಲಾಮೆ ಈಗ ಶನಿವಾರದ ‘ಕೆಲ್ ಎಪೋಕ್’ ಹರಟೆಯ ಜೊತೆಗೆ, 2025ರ ಸೆಪ್ಟೆಂಬರಿನಿಂದ ಫ್ರಾನ್ಸ್ 2ರ ರಾತ್ರಿ 8ರ ವಾರ್ತೆಯನ್ನೂ ಓದುತ್ತಿದ್ದಾರೆ. ಅವರ ಜೀವನಸಂಗಾತಿ ರಾಜಕಾರಣಿ. 2019ರಲ್ಲಿ ಅವರು ಯುರೋಪಿನ ಸಂಸತ್ತಿನ ಚುನಾವಣೆಗೆ ನಿಂತಾಗ ಸಲಾಮೆ ರಾಜಕೀಯ ಕಾರ್ಯಕ್ರಮಗಳಿಂದ ದೂರ ಸರಿದಿದ್ದರು. ಶನಿವಾರ ನಕ್ಕು ಮಾತನಾಡಿಸಿದ ನಾಯಕನನ್ನು ಸೋಮವಾರ ಗಂಭೀರವಾಗಿ ಪ್ರಶ್ನಿಸುವುದು ಹೇಗೆ ಎಂದು ಅವರ ಟೀಕಾಕಾರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಪ್ರಶ್ನೆ (ಮಂಗಳೂರಿನ ಓದುಗರು): ಸಿರಿಲ್ ಹನೂನಾ ಎಂಬ ನಿರೂಪಕನ ಕಾರಣಕ್ಕೆ ಅಲ್ಲಿ ಒಂದು ಚಾನೆಲನ್ನೇ ಮುಚ್ಚಿಸಿದರಂತೆ. ಅಭಿವ್ಯಕ್ತಿ ಸ್ವಾತಂತ್ರ್ಯದ ನಾಡೆಂದು ಹೆಸರಾದ ಫ್ರಾನ್ಸಿನಲ್ಲಿ ಇದು ಹೇಗೆ ಸಾಧ್ಯವಾಯಿತು?

ಉತ್ತರ: ಹನೂನಾ ಪತ್ರಕರ್ತರಲ್ಲ, ನಿರೂಪಕರು. ಅವರ ‘ತುಶ್ ಪಾ ಆ ಮೊಂ ಪೋಸ್ತ್’ 2010ರಲ್ಲಿ, ಟಿವಿಯ ಬಗ್ಗೆಯೇ ಟಿವಿಯಲ್ಲಿ ಹರಟುವ ಹಗುರ ಕಾರ್ಯಕ್ರಮವಾಗಿ ಫ್ರಾನ್ಸ್ 4ರಲ್ಲಿ ಆರಂಭವಾಯಿತು. 2012ರಲ್ಲಿ ಅದು ಕನಾಲ್ ಪ್ಲುಸ್ ಸಮೂಹದ ಡಿ8ಕ್ಕೆ ಬಂದಿತು. 2016ರಲ್ಲಿ ಆ ವಾಹಿನಿಯ ಹೆಸರು ಸಿ8 ಎಂದಾಯಿತು. ಕಾಲ ಕಳೆದಂತೆ ಅಪರಾಧ, ವಲಸೆ, ರಾಜಕೀಯವೆಲ್ಲ ಆ ಮೇಜಿಗೆ ಬಂದವು, ಮಂತ್ರಿಗಳೂ ಬಂದು ಕುಳಿತರು. ಆದರೆ ಅಲ್ಲಿ ಹೊರಗೆ ಹೋಗಿ ವಿಷಯ ತರುವವರಿಗಿಂತ ಬಂದ ವಿಷಯದ ಮೇಲೆ ದನಿಯೇರಿಸುವವರೇ ಹೆಚ್ಚು. ಕೊತಿದಿಯಾಂಗೂ ಇದಕ್ಕೂ ನಾನು ಕಾಣುವ ಅಂತರ ಇದೇ. ಎರಡನ್ನೂ ‘ಇನ್ಫೋಟೇನ್‌ಮೆಂಟ್’ (ಸುದ್ದಿ ಬೆರೆತ ಮನರಂಜನೆ) ಎಂಬ ಒಂದೇ ಹೆಸರಿನಿಂದ ಕರೆಯುವ ಮಾಧ್ಯಮ ವಿಶ್ಲೇಷಕರ ರೂಢಿ ನನಗೆ ಒಪ್ಪಿಗೆಯಿಲ್ಲ.

ದಂಡಗಳ ಕಥೆ ಹೀಗಿದೆ. 2017ರ ಮೇ ತಿಂಗಳಿನಲ್ಲಿ ಹನೂನಾ ನಕಲಿ ಜಾಹೀರಾತೊಂದನ್ನು ಹಾಕಿ, ಕರೆ ಮಾಡಿದ ಸಲಿಂಗಕಾಮಿ ಪುರುಷರೊಂದಿಗೆ ಅವರಿಗೆ ತಿಳಿಯದಂತೆ ನೇರಪ್ರಸಾರದಲ್ಲಿಯೇ ಮಾತನಾಡಿ ಅಪಹಾಸ್ಯ ಮಾಡಿದರು. ಪ್ರಸಾರ ನಿಯಂತ್ರಣ ಸಂಸ್ಥೆ ವಾಹಿನಿಗೆ 30 ಲಕ್ಷ ಯೂರೊ ದಂಡ ವಿಧಿಸಿತು. 2022ರ ನವೆಂಬರಿನಲ್ಲಿ, ಹಿಂದೆ ಇದೇ ಮೇಜಿನಲ್ಲಿ ಕುಳಿತಿದ್ದು ಆಗ ಎಡಪಂಥೀಯ ಸಂಸದರಾಗಿದ್ದ ಲೂಯಿ ಬೊಯಾರ್, ವಾಹಿನಿಯ ಒಡೆತನದ ಹಿಂದಿರುವ ಉದ್ಯಮಿ ವೆಂಸಾಂ ಬೊಲ್ಲೊರೆ ಅವರ ಆಫ್ರಿಕಾದ ವ್ಯವಹಾರಗಳ ಮಾತೆತ್ತಿದಾಗ ಹನೂನಾ ನೇರಪ್ರಸಾರದಲ್ಲಿ ಅವಾಚ್ಯವಾಗಿ ಬೈದರು. ಇದಕ್ಕೆ 2023ರ ಫೆಬ್ರವರಿ 9ರಂದು 35 ಲಕ್ಷ ಯೂರೊ ದಂಡ ಬಿದ್ದಿತು. ಹಳೆಯ ದಂಡಗಳ ವಿರುದ್ಧ ಸಿ8 ಸಲ್ಲಿಸಿದ್ದ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು, ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಭಂಗವಾಗಿಲ್ಲವೆಂದು ಹೇಳಿ ತಳ್ಳಿಹಾಕಿದ್ದೂ ಅದೇ ದಿನ.

ಈಗ ಮುಚ್ಚಿಸಿದ ಮಾತು. ಫ್ರಾನ್ಸಿನಲ್ಲಿ ಆಂಟೆನಾ ಮೂಲಕ ಉಚಿತವಾಗಿ ಸಿಗುವ ಡಿಜಿಟಲ್ ವಾಹಿನಿಗಳ ತರಂಗಾಂತರಗಳು ಸಾರ್ವಜನಿಕ ಸ್ವತ್ತು. ಖಾಸಗಿಯವರಿಗೆ ಅವು ಗೊತ್ತಾದ ಅವಧಿಗೆ, ಷರತ್ತುಗಳ ಮೇಲೆ, ಹಣ ಪಡೆಯದೆ ಹಂಚಿಕೆಯಾಗುತ್ತವೆ. ಹಂಚುವ ಸಂಸ್ಥೆ ಆರ್ಕಾಂ, 2022ರ ಜನವರಿಯಲ್ಲಿ ಎರಡು ಹಳೆಯ ಸಂಸ್ಥೆಗಳನ್ನು ಸೇರಿಸಿ ರಚಿಸಿದ್ದು. ಅದರ 9 ಸದಸ್ಯರಲ್ಲಿ ಮುಖ್ಯಸ್ಥರನ್ನು ದೇಶದ ಅಧ್ಯಕ್ಷರೂ, ಉಳಿದವರನ್ನು ಸಂಸತ್ತಿನ ಎರಡು ಸದನಗಳ ಸಭಾಪತಿಗಳು ಹಾಗೂ ಎರಡು ಉನ್ನತ ನ್ಯಾಯಾಲಯಗಳವರೂ ಹೆಸರಿಸುತ್ತಾರೆ. 2024ರಲ್ಲಿ 15 ತರಂಗಾಂತರಗಳ ಅವಧಿ ತೀರುವುದಿತ್ತು, 24 ಅರ್ಜಿಗಳು ಬಂದವು. ಜುಲೈ 24ರಂದು ಪ್ರಕಟವಾದ ಪಟ್ಟಿಯಲ್ಲಿ ಸಿ8 ಇರಲಿಲ್ಲ, ಎನ್‌ಆರ್‌ಜೆ 12 ಕೂಡ ಇರಲಿಲ್ಲ. ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯವು 2025ರ ಫೆಬ್ರವರಿಯಲ್ಲಿ ಆ ನಿರ್ಧಾರವನ್ನು ಎತ್ತಿಹಿಡಿಯಿತು. 28ರ ರಾತ್ರಿ ಸಿ8ರ ಪ್ರಸಾರ ನಿಂತಿತು. ಹೀಗಾಗಿ ನಡುವೆ ಬಾಗಿಲು ಮುಚ್ಚಿಸಿದ್ದಲ್ಲ, ಅವಧಿ ಮುಗಿದ ಪರವಾನಗಿಯನ್ನು ನವೀಕರಿಸಲಿಲ್ಲ. ಹನೂನಾ ಅವರ ಬಾಯಿಯನ್ನೂ ಯಾರೂ ಕಟ್ಟಲಿಲ್ಲ, ಅದೇ ಸೆಪ್ಟೆಂಬರಿನಲ್ಲಿ ಅವರು ಎಂ6 ಸಮೂಹದ ಡಬ್ಲ್ಯೂ9ರಲ್ಲಿ ಮತ್ತೆ ಕಾಣಿಸಿಕೊಂಡರು.

ಆದರೂ ನಿಮ್ಮ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಂತಹ ವಾಹಿನಿಗಳ ಪೈಕಿ ವೀಕ್ಷಕರ ಲೆಕ್ಕದಲ್ಲಿ ಮುಂಚೂಣಿಯಲ್ಲಿದ್ದ ಒಂದನ್ನು 9 ಜನರ ಸಮಿತಿ ಪಟ್ಟಿಯಿಂದ ಬಿಟ್ಟದ್ದು ಲಕ್ಷಾಂತರ ಮಂದಿಗೆ ಶಿಕ್ಷೆಯಂತೆಯೇ ಕಂಡಿತು. ಆದರೆ ದಂಡ ಕಟ್ಟುವುದನ್ನೇ ವ್ಯಾಪಾರದ ಖರ್ಚೆಂದು ಬಗೆಯುವ ವಾಹಿನಿಗೆ ಮತ್ತೆ ಸಾರ್ವಜನಿಕ ಸ್ವತ್ತನ್ನು ಬಿಟ್ಟಿಯಾಗಿ ಕೊಡಬೇಕೆಂಬ ವಾದವೂ ನನಗೆ ಸರಿಕಾಣುವುದಿಲ್ಲ.

ಪ್ರಶ್ನೆ (ಬೆಂಗಳೂರಿನ ಪತ್ರಿಕೋದ್ಯಮದ ವಿದ್ಯಾರ್ಥಿ): ಒಡೆಯರು ಬದಲಾದರೆ ಇಂತಹ ಕಾರ್ಯಕ್ರಮಗಳ ಪತ್ರಕರ್ತರ ಗತಿಯೇನು? ಫ್ರೆಂಚ್ ಸ್ವಲ್ಪ ಬರುವ ನಾನು ಯಾವುದನ್ನು ನೋಡಬೇಕು?

ಉತ್ತರ: ಮೊದಲ ಪ್ರಶ್ನೆಗೆ ಕನಾಲ್ ಪ್ಲುಸ್‌ನ ಇತಿಹಾಸವೇ ಉತ್ತರ. 2015ರಲ್ಲಿ ಬೊಲ್ಲೊರೆ ಹಿಡಿತ ಸಾಧಿಸಿದ ಕೂಡಲೇ ಬೊಂಬೆಗಳ ಕಾರ್ಯಕ್ರಮ ಉಚಿತ ಹೊತ್ತಿನಿಂದ ಚಂದಾದಾರರ ಹೊತ್ತಿಗೆ ಸರಿಯಿತು, ಮೂರು ವರ್ಷಕ್ಕೆ ನಿಂತೇಹೋಯಿತು. ಕ್ರೆದಿ ಮ್ಯುಚ್ಯುಯೆಲ್ ಬ್ಯಾಂಕಿನ ಕುರಿತ ತನಿಖಾ ಚಿತ್ರವೊಂದು ಅದೇ ವರ್ಷ ಪ್ರಸಾರದ ಪಟ್ಟಿಯಿಂದ ಮಾಯವಾಯಿತು; ಕೊನೆಗೆ ಸರ್ಕಾರಿ ವಾಹಿನಿ ಫ್ರಾನ್ಸ್ 3 ಅದನ್ನು ತೋರಿಸಿತು. 2016ರ ಶರತ್ಕಾಲದಲ್ಲಿ ಅದೇ ಸಮೂಹದ ಸುದ್ದಿವಾಹಿನಿ ಈ-ತೆಲೆಯ ಪತ್ರಕರ್ತರು, ಕ್ರಿಮಿನಲ್ ತನಿಖೆ ಎದುರಿಸುತ್ತಿದ್ದ ನಿರೂಪಕರೊಬ್ಬರನ್ನು ತಂದುದನ್ನು ವಿರೋಧಿಸಿ 31 ದಿನ ಮುಷ್ಕರ ಹೂಡಿದರು. ನಿರೂಪಕರು ಉಳಿದರು, ಸುಮಾರು 100 ಪತ್ರಕರ್ತರು ಹೊರಟುಹೋದರು. ಮುಂದಿನ ಫೆಬ್ರವರಿಯಲ್ಲಿ ವಾಹಿನಿ ಸಿನ್ಯೂಸ್ ಎಂಬ ಹೆಸರು ಪಡೆದು, ವರದಿಗಿಂತ ಚರ್ಚೆಯನ್ನೇ ನೆಚ್ಚಿಕೊಂಡಿತು. ಆ ಚರ್ಚೆಗಳಲ್ಲಿ ಸಮತೋಲನವನ್ನು ಅಳೆಯುವಾಗ ರಾಜಕಾರಣಿಗಳ ಮಾತಿನ ಸಮಯವನ್ನಷ್ಟೇ ಎಣಿಸಿದರೆ ಸಾಲದು, ಮೇಜಿನ ಸುತ್ತ ಕುಳಿತ ಎಲ್ಲರ ಮಾತನ್ನೂ ಗಮನಿಸಬೇಕೆಂದು 2024ರ ಫೆಬ್ರವರಿಯಲ್ಲಿ ಆಡಳಿತ ನ್ಯಾಯಾಲಯ ಆರ್ಕಾಂಗೆ ಸೂಚಿಸಿತು.

ಎರಡನೆಯದಕ್ಕೆ: ‘ಕ್ಯಾಶ್ ಇನ್ವೆಸ್ಟಿಗೇಶನ್’ ನೋಡಿ. ಎಲಿಜ್ ಲ್ಯೂಸೆ 2012ರಿಂದ ಫ್ರಾನ್ಸ್ 2ರಲ್ಲಿ ನಡೆಸುತ್ತಿರುವ ಈ ಕಾರ್ಯಕ್ರಮದಲ್ಲಿ ಕಾರ್ಟೂನು, ಹಾಡು, ಕುಹಕ ಎಲ್ಲವೂ ಇದೆ. ಅದರಡಿಯಲ್ಲಿ ತಿಂಗಳುಗಟ್ಟಲೆ ಕಾಗದಪತ್ರ ಜಾಲಾಡಿದ ಶ್ರಮವಿದೆ. ಉತ್ತರಿಸಲು ನಿರಾಕರಿಸಿದ ಕಂಪನಿಯ ಮುಖ್ಯಸ್ಥರನ್ನು ಲ್ಯೂಸೆ ಷೇರುದಾರರ ಸಭೆಗೇ ಹೋಗಿ, ಮೈಕ್ ಹಿಡಿದು ಪ್ರಶ್ನಿಸುವುದನ್ನು ಯಾವ ತರಗತಿಯ ಪಾಠಕ್ಕಿಂತ ಚೆನ್ನಾಗಿ ಕಲಿಯಬಹುದು. ಅದನ್ನು ತಯಾರಿಸುವ ಪ್ರೆಮಿಯೇರ್ ಲೀನ್ಯ್ ಸಂಸ್ಥೆಯ ಕಚೇರಿ 2020ರಲ್ಲಿ ಇದ್ದದ್ದು ಪ್ಯಾರಿಸ್‌ನಲ್ಲಿ, 2015ರ ಜನವರಿಯಲ್ಲಿ ದಾಳಿಗೊಳಗಾದ ಶಾರ್ಲಿ ಎಬ್ದೊ ಪತ್ರಿಕೆಯ ಹಳೆಯ ಕಟ್ಟಡದಲ್ಲಿ ಎಂಬುದನ್ನು ಹೆಚ್ಚಿನವರು ಮರೆತಿದ್ದಾರೆ. ಪತ್ರಿಕೆ ಬೇರೆಡೆಗೆ ಹೋದದ್ದನ್ನು ಅರಿಯದ ಆಕ್ರಮಣಕಾರನೊಬ್ಬ 2020ರ ಸೆಪ್ಟೆಂಬರಿನಲ್ಲಿ ಕಟ್ಟಡದ ಹೊರಗೆ ಮಚ್ಚಿನಿಂದ ಹೊಡೆದಾಗ ತೀವ್ರವಾಗಿ ಗಾಯಗೊಂಡವರು ಈ ಸಂಸ್ಥೆಯ ಇಬ್ಬರು ಉದ್ಯೋಗಿಗಳು.