ಗಾಡಿ ಅದುರುವುದು ಯಾವಾಗ ಅಂತ ಮೊದಲು ನೋಡಿ

ಪ್ರಶ್ನೆ: ನಮ್ಮದು ಸಕಲೇಶಪುರ ತಾಲೂಕಿನಲ್ಲಿ ಸಣ್ಣ ಕಾಫಿ ತೋಟ. 11 ವರ್ಷದ ಹಳೆಯ ಫೋರ್ ವೀಲ್ ಡ್ರೈವ್ ಜೀಪಿದೆ. ಮಳೆಗಾಲ ಮುಗಿದ ಮೇಲೆ ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರದ ಕಡೆಗೆ ಒಯ್ಯುವ ಉದ್ದ ದಂಡ) ಒಂದು ಯುಜೆ ಕ್ರಾಸ್ (ಶಾಫ್ಟಿನ ತುದಿ ಬಾಗಿ ತಿರುಗಲು ಬಿಡುವ ಕೀಲು) ಬದಲಾಯಿಸಿದೆವು. ಅದೇ ವಾರ ಹಿಂದಕ್ಕೆ ಎರಡು ಹೊಸ ಟಯರ್ ಹಾಕಿಸಿದೆ. ಆಮೇಲಿನಿಂದ ವೇಗ 50 ದಾಟಿದರೆ ಸೀಟಿನಡಿಯಲ್ಲಿ ಗುಂಯ್ ಅಂತ ನಡುಕ. 70ಕ್ಕೆ ಇನ್ನೂ ಜಾಸ್ತಿ. ಫೋರ್ ವೀಲ್ ಹಾಕಿ ಶಿರಾಡಿ ಘಾಟಿಯ ಕಾಂಕ್ರೀಟ್ ರಸ್ತೆಯಲ್ಲಿ ತಿರುವು ತೆಗೆದರೆ ಗಾಡಿ ಗಡಗಡ ಅದುರುತ್ತದೆ. ಸ್ಟೇರಿಂಗ್ ಬಿಗಿಯಾಗುತ್ತದೆ. ಫೋರ್ ವೀಲಿನ ಲಿವರ್ ಹೊರಗೆ ಬರೋದೇ ಇಲ್ಲ. ಗ್ಯಾರೇಜಿನವರು ಕ್ಲಚ್ ಪ್ಲೇಟ್ ಬದಲಾಯಿಸಿ 14 ಸಾವಿರ ತೆಗೆದುಕೊಂಡರು. ಅದುರುವುದು ನಿಂತಿಲ್ಲ. ಈಗ ಹಿಂದಿನ ಕ್ರೌನ್ (ಹಿಂದಿನ ಆಕ್ಸಲ್ ನಡುವಿನ ಗೇರು) ಬಿಚ್ಚಬೇಕು ಅಂತಿದ್ದಾರೆ. ಬಿಚ್ಚಿಸಲಾ?

ಉತ್ತರ: ಬೇಡ, ಈಗಲೇ ಬಿಚ್ಚಿಸಬೇಡಿ. ನಿಮ್ಮ ಕಾಗದದಲ್ಲೇ ಅರ್ಧ ಉತ್ತರ ಇದೆ. ನೀವು ಒಂದು ಅದುರಿನ ಬಗ್ಗೆ ಬರೆದಿಲ್ಲ, ಎರಡರ ಬಗ್ಗೆ ಬರೆದಿದ್ದೀರಿ. ವೇಗಕ್ಕೆ ಬರುವುದು ಒಂದು, ತಿರುವಿನಲ್ಲಿ ಬರುವುದು ಇನ್ನೊಂದು. ಎರಡನ್ನೂ ಒಂದೇ ಕಾಯಿಲೆ ಅಂದುಕೊಂಡು ಮದ್ದು ಮಾಡಿದ್ದಕ್ಕೆ 14 ಸಾವಿರ ಹೋಯಿತು.

ಮೊದಲು ವೇಗದ ಅದುರು ನೋಡೋಣ. ಟೂ ವೀಲಿನಲ್ಲೇ ಇಟ್ಟುಕೊಂಡು, ನೇರವಾದ, ಸಮತಟ್ಟಾದ, ಖಾಲಿ ರಸ್ತೆಯಲ್ಲಿ 60ರವರೆಗೆ ಹೋಗಿ. ನಡುಕ ಶುರುವಾದ ಕೂಡಲೇ ಕ್ಲಚ್ ತುಳಿದು ಗೇರು ನ್ಯೂಟ್ರಲ್ ಮಾಡಿ. ಎಂಜಿನ್ ಆಫ್ ಮಾಡಬೇಡಿ, ಇಳಿಜಾರಿನಲ್ಲಿ ಈ ಕೆಲಸ ಮಾಡಲೇಬೇಡಿ. ನ್ಯೂಟ್ರಲ್ಲಿಗೆ ಬಂದ ಕೂಡಲೇ ನಡುಕ ನಿಂತರೆ ಎಂಜಿನ್, ಅದು ಕೂರುವ ಮೌಂಟಿಂಗ್, ಕ್ಲಚ್ ಕಡೆ ನೋಡಬೇಕು. ಹಾಗೇ ಇದ್ದು, ವೇಗ ಇಳಿದಂತೆ ಮಾತ್ರ ಕಡಿಮೆಯಾದರೆ, ಚಕ್ರದ ಜೊತೆ ತಿರುಗುವ ಯಾವುದೋ ಒಂದು ವಸ್ತು ಅದುರುತ್ತಿದೆ ಅಂತ ಅರ್ಥ. ಅದಕ್ಕೂ ಕ್ಲಚ್ಚಿಗೂ ಸಂಬಂಧ ಇಲ್ಲ.

ಅದು ಟಯರೋ, ಶಾಫ್ಟೋ? ನೀವು ಬರೆದ 'ಗುಂಯ್' ಅನ್ನೋ ಒಂದು ಮಾತು ಸಾಕು. ನಿಮ್ಮ ಟಯರು ಸುಮಾರು 700 ಮಿಲಿಮೀಟರ್ ಅಡ್ಡಳತೆಯದ್ದು ಅಂತ ಇಟ್ಟುಕೊಳ್ಳೋಣ. 60ರ ವೇಗದಲ್ಲಿ ಅದು ನಿಮಿಷಕ್ಕೆ 455 ಸುತ್ತು, ಅಂದರೆ ಸೆಕೆಂಡಿಗೆ ಏಳೆಂಟು ಸುತ್ತು ತಿರುಗುತ್ತದೆ. ಟಯರಿನ ದೋಷ ಕುಲುಕಿದ ಹಾಗೆ ಇರುತ್ತದೆ, ಎಣಿಸಬಹುದು ಅನ್ನುವಷ್ಟು ನಿಧಾನ. ಶಾಫ್ಟು ಅದರ ಸುಮಾರು ನಾಲ್ಕು ಪಟ್ಟು ಬೇಗ ತಿರುಗುತ್ತದೆ. ಹಾಗಾಗಿ ಶಾಫ್ಟಿನ ದೋಷ ಗುಂಯ್‌ಗುಡುತ್ತದೆ, ಸೀಟಿನಲ್ಲಿ, ನೆಲದ ತಗಡಿನಲ್ಲಿ ಗೊತ್ತಾಗುತ್ತದೆ.

ಈಗ ಗಾಡಿ ಅಡಿಗೆ ಹೋಗಿ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ದೊಡ್ಡ ಕಲ್ಲು ಕೊಡಿ. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯಲ್ಲೂ ಎರಡೆರಡು ಕಿವಿಗಳಿರುತ್ತವೆ, ಕ್ರಾಸ್ ಕೂರುವುದು ಅದರೊಳಗೆ. ಶಾಫ್ಟಿನ ಆ ತುದಿಯ ಕಿವಿ ಮಲಗಿದ್ದರೆ ಈ ತುದಿಯದ್ದೂ ಮಲಗಿರಬೇಕು. ಅದು ನಿಂತಿದ್ದರೆ ಇದೂ ನಿಂತಿರಬೇಕು. ನಿಮ್ಮ ಜೀಪಿನಲ್ಲಿ ಇದು ತಪ್ಪಿದೆ ಅನ್ನೋದು ನನ್ನ ಬಲವಾದ ಅನುಮಾನ.

ಕಾರಣ ಹೇಳುತ್ತೇನೆ. ಕ್ರಾಸ್ ಒಂದು ಕೋನದಲ್ಲಿ ಬಾಗಿ ತಿರುಗುವಾಗ, ಆ ಕಡೆ ಒಂದೇ ವೇಗ ಬಂದರೂ ಈ ಕಡೆ ಒಂದು ಸುತ್ತಿಗೆ ಎರಡು ಸಲ ಬೇಗ, ಎರಡು ಸಲ ನಿಧಾನ ಆಗುತ್ತದೆ. ಇನ್ನೊಂದು ತುದಿಯ ಕ್ರಾಸ್ ಅದಕ್ಕೆ ಸರಿಯಾಗಿ ಉಲ್ಟಾ ಮಾಡಿ ಆ ಏರಿಳಿತವನ್ನು ಅಳಿಸುತ್ತದೆ. ಎರಡೂ ತುದಿಯ ಕಿವಿ ಒಂದೇ ಸಾಲಿನಲ್ಲಿದ್ದರೆ ಮಾತ್ರ ಇದು ಸಾಧ್ಯ. ಶಾಫ್ಟಿನ ನಡುವೆ ಹಲ್ಲುಗಳಿರುವ ಸ್ಲಿಪ್ ಜಾಯಿಂಟ್ ಇದೆ ಅಲ್ವಾ? ಕ್ರಾಸ್ ಬದಲಾಯಿಸುವಾಗ ಅದನ್ನು ಎಳೆದು ಬಿಡಿಸಿರುತ್ತಾರೆ. ಮತ್ತೆ ತೂರಿಸುವಾಗ ಒಂದು ಹಲ್ಲು ಆಚೀಚೆ ಆದರೂ ಸಾಲು ತಪ್ಪಿತು. ಸಾಮಾನ್ಯವಾಗಿ ಎರಡು ಭಾಗದ ಮೇಲೂ ಬಾಣದ ಗುರುತು ಇರುತ್ತದೆ, ಆದರೆ ತೋಟದ ಗಾಡಿಯಲ್ಲಿ ಅದು ಕೆಸರು, ಗ್ರೀಸಿನ ಅಡಿ ಮುಚ್ಚಿಹೋಗಿರುತ್ತದೆ. ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದರೆ ಕಾಣುತ್ತದೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಮೂಡಿಗೆರೆಯಲ್ಲಿ ಗ್ಯಾರೇಜು ಹಾಕಿದ ಮೊದಲನೇ ವರ್ಷ. ತೋಟದವರೊಬ್ಬರ ಜೀಪಿನ ಗೇರ್ ಬಾಕ್ಸನ್ನು ಎರಡು ಸಲ ಇಳಿಸಿದೆ, ಮೌಂಟಿಂಗ್ ಬದಲಾಯಿಸಿದೆ. ಗುಂಯ್ ಅನ್ನೋದು ಹೋಗಲಿಲ್ಲ. ಕೊನೆಗೆ ಸಂಜೆ ಹೊತ್ತು ಟಾರ್ಚ್ ಹಿಡಿದು ಮಲಗಿ ನೋಡಿದರೆ, ನಾನೇ ಜೋಡಿಸಿದ ಶಾಫ್ಟಿನ ಕಿವಿಗಳು ಒಂದೊಂದು ದಿಕ್ಕಿಗೆ. ಬಿಚ್ಚಿ ಸರಿ ಮಾಡೋದಕ್ಕೆ 40 ನಿಮಿಷ ಸಾಕಾಯಿತು. ಅವರಿಂದ ತೆಗೆದುಕೊಂಡ ಕೂಲಿಯನ್ನು ವಾಪಸ್ ಕೊಟ್ಟೆ. ಅವತ್ತಿನಿಂದ ಶಾಫ್ಟ್ ಬಿಚ್ಚುವ ಮುಂಚೆ ಬಿಳಿ ಪೇಂಟಿನಲ್ಲಿ ಗೆರೆ ಎಳೆಯದೆ ಸ್ಪ್ಯಾನರ್ ಮುಟ್ಟಿಲ್ಲ, ನನ್ನ ಹುಡುಗರಿಗೂ ಮುಟ್ಟಲು ಬಿಟ್ಟಿಲ್ಲ.

ಅಡಿಗೆ ಹೋದಾಗ ಹಳೆಯ ಕ್ರಾಸನ್ನೂ ನೋಡಿಬಿಡಿ. ಬದಲಾಯಿಸಿದ್ದು ಒಂದೇ ಅಂತೀರಿ, ಇನ್ನೊಂದು 11 ವರ್ಷದ್ದೇ ಇರಬಹುದು. ಕ್ಯಾಪಿನ ಬಾಯಿ ಸುತ್ತ ಕೆಂಪು ಕಂದು ಹುಡಿ, ಕುಂಕುಮ ಉದುರಿದ ಹಾಗೆ ಅಂಟಿಕೊಂಡಿದ್ದರೆ ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ತುಕ್ಕು ಹಿಡಿದಿದೆ. ಗೇರು ನ್ಯೂಟ್ರಲ್ಲಿನಲ್ಲಿಟ್ಟು ಶಾಫ್ಟನ್ನು ಒಂದು ಕೈಯಲ್ಲಿ, ಕ್ರೌನ್ ಕಡೆಯ ಯೋಕನ್ನು (ಕ್ರಾಸ್ ಕೂರುವ ಕಿವಿಗಳಿರುವ ಕವಲು) ಇನ್ನೊಂದು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಚಿ. ಕ್ರಾಸಿನಲ್ಲೇ ಕಟಕ್ ಅಂತ ಆಟ ಕಂಡರೆ ಅದನ್ನೂ ಬದಲಾಯಿಸಿ. ನಿಧಾನವಾಗಿ ರಿವರ್ಸ್ ಹೋಗುವಾಗ ಕಿಚಿ ಕಿಚಿ ಸದ್ದು ಬಂದರೂ ಇದೇ ಕಾಯಿಲೆ.

ಇನ್ನು ತಿರುವಿನ ಅದುರು. ಇದರಲ್ಲಿ ಗಾಡಿಯದ್ದು ತಪ್ಪಿಲ್ಲ. ನಿಮ್ಮದು ಲಿವರ್ ಎಳೆದು ಹಾಕುವ ಪಾರ್ಟ್ ಟೈಮ್ ಫೋರ್ ವೀಲ್. ಹಾಕಿದ ಕೂಡಲೇ ಮುಂದಿನ, ಹಿಂದಿನ ಶಾಫ್ಟು ಒಂದಕ್ಕೊಂದು ಕಟ್ಟಿಕೊಳ್ಳುತ್ತವೆ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ದೂರ ಓಡಬೇಕು. ಕೆಸರಿನಲ್ಲಾದರೆ ಚಕ್ರ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಕಾಂಕ್ರೀಟು ಜಾರಲು ಬಿಡುವುದಿಲ್ಲ. ಆ ಬಿಗಿ ಶಾಫ್ಟಿನಲ್ಲಿ, ಗೇರಿನಲ್ಲಿ ಸೇರಿಕೊಂಡು ಟಯರ್ ತರಚಿ ಗಡಗಡ ಅನ್ನುತ್ತದೆ.

ನಿಮ್ಮ ಹೊಸ ಟಯರ್ ಇದನ್ನು ಇನ್ನೂ ಜಾಸ್ತಿ ಮಾಡಿದೆ. ಹೊಸದರ ಹಲ್ಲು 8 ಮಿಲಿಮೀಟರ್, ಮುಂದಿನ ಹಳೆಯದರದ್ದು 3 ಉಳಿದಿದೆ ಅಂದರೆ ಅಡ್ಡಳತೆಯಲ್ಲಿ 10 ಮಿಲಿಮೀಟರ್ ವ್ಯತ್ಯಾಸ. ಕಿಲೋಮೀಟರಿಗೆ ಮುಂದಿನ ಚಕ್ರ ಆರೇಳು ಸುತ್ತು ಹೆಚ್ಚು ತಿರುಗಬೇಕು, ಕಟ್ಟಿಹಾಕಿದ ಶಾಫ್ಟು ಬಿಡಲ್ಲ. ಅಂದರೆ ನೇರ ರಸ್ತೆಯಲ್ಲೂ ಬಿಗಿ ಏರುತ್ತಲೇ ಇರುತ್ತದೆ. ಮುಂದಕ್ಕೂ ಅದೇ ಅಳತೆಯ ಎರಡು ಹೊಸದು ಹಾಕಿಸಿ. ಅಲ್ಲಿಯವರೆಗೆ ಫೋರ್ ವೀಲನ್ನು ತೋಟದ ಕೆಸರಲ್ಲಿ ಮಾತ್ರ ಬಳಸಿ. ನಾಲ್ಕೂ ಹೊಸದಾದ ಮೇಲೂ ಒಣ ಟಾರು, ಕಾಂಕ್ರೀಟಿನಲ್ಲಿ ಹಾಕಬೇಡಿ. ಲಿವರ್ ಕಚ್ಚಿಕೊಂಡಾಗ ಜಗ್ಗಬೇಡಿ. ಹಿಂದೆ ನೋಡಿಕೊಂಡು ನಾಲ್ಕಾರು ಅಡಿ ನೇರ ರಿವರ್ಸ್ ಬನ್ನಿ, ಬಿಗಿ ಸಡಿಲವಾಗಿ ತಾನಾಗಿ ಬರುತ್ತದೆ.

ಒಂದು ಎಚ್ಚರಿಕೆ. ಪರೀಕ್ಷೆಗೆ ಅಂತ ಹಿಂದಿನ ಶಾಫ್ಟ್ ಪೂರ್ತಿ ತೆಗೆದರೆ, ಟೂ ವೀಲಿನಲ್ಲಿರುವಾಗ ಗೇರಿಗೆ ಹಾಕಿದರೂ ಗಾಡಿ ಉರುಳುತ್ತದೆ. ಕೆಲವು ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕೂ ಆ ಶಾಫ್ಟಿನ ಮೇಲೇ ಇರುತ್ತದೆ, ಅದೂ ಹಿಡಿಯೋದಿಲ್ಲ. ಕಲ್ಲು ಕೊಡದೆ ಅಡಿಗೆ ಹೋಗಬೇಡಿ.

ಪ್ರಶ್ನೆ: ತೋಟದಿಂದ ಬಂದ ಮಾರನೇ ದಿನ ಹೈವೇಯಲ್ಲಿ 60ಕ್ಕೆ ಸ್ಟೇರಿಂಗ್ ಕುಲುಕುತ್ತದೆ. ಎರಡು ದಿನ ಬಿಟ್ಟರೆ ಕಡಿಮೆ. ಶಾಫ್ಟೇ ಇರಬಹುದಾ?

ಉತ್ತರ: ಶಾಫ್ಟ್ ಅಲ್ಲ, ಅದು ರಜೆ ಹಾಕುವುದಿಲ್ಲ. ಚಕ್ರದ ಒಳಬದಿಗೆ ಕೈ ಹಾಕಿ ನೋಡಿ. ರಿಮ್ಮಿನೊಳಗೆ ಒಂದೇ ಕಡೆ ಮಣ್ಣು ಒಣಗಿ ಹೆಂಟೆಯಾಗಿರುತ್ತದೆ. ಅದು ಉದುರಿದ ಹಾಗೆ ಕುಲುಕು ಕಡಿಮೆಯಾಗುತ್ತಿದೆ. ಬ್ಯಾಲೆನ್ಸಿಂಗಿಗೆ ದುಡ್ಡು ಕೊಡುವ ಮುಂಚೆ ಮರದ ಚಕ್ಕೆಯಿಂದ ಕೆರೆದು, ಪೈಪಿನ ನೀರು ಬಿಟ್ಟು ತೊಳೆಯಿರಿ. ಆಮೇಲೂ ಕುಲುಕಿದರೆ ಮಾತ್ರ ಟಯರಿನ ಅಂಗಡಿಗೆ ಹೋಗಿ.